ಫೈಲ್ ಕಳಿಸಿದರೆ ಸಾಕು, ಲ್ಯಾಪ್‌ಟಾಪ್ ಮಲಗುತ್ತಿತ್ತು: ಒಂದು ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಕಥೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಹದಿನೈದು ದಿನದ ಹಿಂದೆ ಬರೆದಿದ್ದರೆ ಒಂದೇ ಕೊಡುತ್ತಿದ್ದೆ, ಅದೂ ಸೊನ್ನೆ ಕೊಡಲು ಬರುವುದಿಲ್ಲ ಅಂತ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಒಳಗೆ ಒಂದೇ ಚಿಪ್, ಹೊರಗೆ ಹತ್ತು ಹೆಸರು ಅನ್ನುವಂಥ ವಸ್ತು ಇದು. ತೊಂದರೆ ಬಂದರೆ ಹುಡುಕುವ ದಾರಿ ಎಲ್ಲದಕ್ಕೂ ಹೆಚ್ಚುಕಮ್ಮಿ ಒಂದೇ.

ಬೆರಳುದ್ದದ ಅಲ್ಯೂಮಿನಿಯಂ ಡಬ್ಬಿ. ಒಂದು ಕಡೆ ಯುಎಸ್‌ಬಿ 3.0, ಇನ್ನೊಂದು ಕಡೆ ಗಿಗಾಬಿಟ್ ಲ್ಯಾನ್ ಪೋರ್ಟ್, ಅಂದರೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಕಿಂಡಿ. ನನ್ನ ಲ್ಯಾಪ್‌ಟಾಪ್ ಎಷ್ಟು ತೆಳ್ಳಗಿದೆ ಅಂದರೆ ಅದಕ್ಕೆ ಲ್ಯಾನ್ ಪೋರ್ಟೇ ಇಲ್ಲ. ದೊಡ್ಡ ದೊಡ್ಡ ವಿಡಿಯೋ ಫೈಲ್‌ಗಳನ್ನು ವೈಫೈಯಲ್ಲಿ ಡೆಸ್ಕ್‌ಟಾಪ್‌ಗೆ ಕಳಿಸಿ ಕಳಿಸಿ ಸಾಕಾಗಿ, ಎರಡಕ್ಕೂ ರೂಟರ್‌ನಿಂದ ಕೇಬಲ್ ಎಳೆದು, ಡೆಸ್ಕ್‌ಟಾಪ್‌ನಲ್ಲಿ ಒಂದು ಫೋಲ್ಡರ್ ಶೇರ್ ಮಾಡಿಟ್ಟೆ. ಅಡಾಪ್ಟರ್ ಸಿಕ್ಕಿಸಿದ ಕೂಡಲೇ ಪುಟ್ಟದೊಂದು ಸಿಡಿ ಡ್ರೈವ್ ಕಾಣಿಸಿಕೊಂಡಿತು. ಡ್ರೈವರ್, ಅಂದರೆ ಅಡಾಪ್ಟರ್ ಜೊತೆ ಮಾತಾಡಲು ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್, ಅದರೊಳಗೇ ಇದೆ! ಸೆಟಪ್ ಒತ್ತಿದೆ, ಮುಗಿಯಿತು. ಎಷ್ಟು ಅನುಕೂಲ ಅಲ್ವಾ ಅಂದುಕೊಂಡೆ. ಕಳ್ಳ ಕೂತಿದ್ದು ಅಲ್ಲೇ ಅಂತ ಆಗ ಗೊತ್ತಿರಲಿಲ್ಲ.

ಬ್ರೌಸಿಂಗ್, ವಿಡಿಯೋ ಕಾಲ್, ಸ್ಪೀಡ್ ಟೆಸ್ಟ್ ಎಲ್ಲ ಸಲೀಸು. ಸಂಜೆ 38 ಜಿಬಿಯ ಫೋಲ್ಡರ್ ಒಂದನ್ನು ಎಳೆದು ಶೇರ್‌ಗೆ ಹಾಕಿದೆ. ಸೆಕೆಂಡಿಗೆ 110 ಎಂಬಿ ತೋರಿಸುತ್ತಿತ್ತು, ಗಿಗಾಬಿಟ್‌ಗೆ ಇದಕ್ಕಿಂತ ಜಾಸ್ತಿ ನಿರೀಕ್ಷೆ ಮಾಡುವಂತಿಲ್ಲ. ಲೆಕ್ಕಕ್ಕೆ 125 ಎಂಬಿ, ಪ್ರೋಟೋಕಾಲ್ ತಿನ್ನುವುದನ್ನು ಕಳೆದರೆ ಇಷ್ಟೇ ಉಳಿಯುವುದು. ಆರು ನಿಮಿಷದ ಕೆಲಸ ಅಂತ ಕಾಫಿಗೆ ಎದ್ದೆ. ಎರಡು ಹೆಜ್ಜೆ ಇಡುವುದರೊಳಗೆ ಹಸಿರು ಪಟ್ಟಿ ನಿಂತಿತು, ಮೌಸ್ ನಿಂತಿತು, ವಿಂಡೋಸ್ ಕುಸಿದು ಬಿದ್ದಾಗ ಆಗುವಂತೆ ಸ್ಕ್ರೀನ್ ನೀಲಿಯಾಯಿತು. (ಹೊಸ ವಿಂಡೋಸ್ 11ರಲ್ಲಿ ಅದನ್ನು ಕಪ್ಪು ಮಾಡಿದ್ದಾರೆ. ಬಣ್ಣ ಬದಲಾದ ಮಾತ್ರಕ್ಕೆ ಹೊಟ್ಟೆಯುರಿ ಕಮ್ಮಿಯಾಗುವುದಿಲ್ಲ.) ಏನು ಬರೆದಿದೆ ಅಂತ ಓದುವ ಮೊದಲೇ ರೀಸ್ಟಾರ್ಟ್. ಮತ್ತೆ ಹಾಕಿದೆ, ಮತ್ತೆ ಅದೇ ಕಥೆ. ಮೂರನೇ ಸಲ ನಾಲ್ಕು ನಿಮಿಷ ಓಡಿ ಆಸೆ ಹುಟ್ಟಿಸಿ ಬಿತ್ತು.

ಇಲ್ಲಿಂದ ಒಂದು ವಾರ ನಾನು ತಪ್ಪು ಜಾಗ ಅಗೆದೆ. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರ್ ತೆರೆದರೆ ಕೆಂಪು ಗುರುತಿನ ಜೊತೆ ಕರ್ನಲ್-ಪವರ್ 41 ಅಂತ ಸಾಲುಸಾಲಾಗಿ ಇತ್ತು. ಪವರ್ ಅಂದರೆ ಕರೆಂಟು, ಹಾಗಾದರೆ ಚಾರ್ಜರ್ ಹೋಗಿದೆ ಅಂತ ತೀರ್ಮಾನ ಮಾಡಿ ಬೇರೆ ಚಾರ್ಜರ್ ಹಾಕಿ ನೋಡಿದೆ. ದಡ್ಡತನ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಶುರುವಾಗಿದೆ ಅಂತಷ್ಟೇ ಆ 41ರ ಅರ್ಥ. ಯಾಕೆ ಬಿತ್ತು ಅನ್ನುವುದು ಅದರ ಹೆಸರಿನಲ್ಲಿ ಇಲ್ಲ. ಆಮೇಲೆ ರ‍್ಯಾಮ್ ಮೇಲೆ ಅನುಮಾನ, ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸಿದೆ, ಒಂದೇ ಒಂದು ತಪ್ಪಿಲ್ಲ. ಎಸ್‌ಎಸ್‌ಡಿ ಇರಬಹುದಾ ಅಂತ ಅದೇ ಫೋಲ್ಡರನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿದೆ, ತಣ್ಣಗೆ ಆಯಿತು. ಕೇಬಲ್ಲನ್ನೂ ಬದಲಾಯಿಸಿದೆ, ಅದು ಮಾತ್ರ ಸುಮ್ನೆ. ಕೇಬಲ್ ಕೆಟ್ಟರೆ ವೇಗ ಬೀಳುತ್ತದೆ. ನಾಲ್ಕು ಜೋಡಿ ತಂತಿಯಲ್ಲಿ ಒಂದು ಕಡಿದರೂ ಗಿಗಾಬಿಟ್ ಹೋಗಿ 100ಕ್ಕೆ ಇಳಿಯಬಹುದು, ಇಲ್ಲ ಸಂಪರ್ಕವೇ ತಪ್ಪುತ್ತದೆ. ಅಷ್ಟಕ್ಕೆ ಕಂಪ್ಯೂಟರ್ ಬೀಳಬಾರದು.

ಕಸ್ಟಮರ್ ಕೇರ್‌ಗೆ ಬರೆದೆ. "ವಿಂಡೋಸ್ ಫಾರ್ಮ್ಯಾಟ್ ಮಾಡಿ ನೋಡಿ ಸರ್" ಅಂತ ಉತ್ತರ ಬಂತು. ಸ್ನೇಹಿತನೊಬ್ಬ ಎಸ್‌ಎಂಬಿ1 (ಫೋಲ್ಡರ್ ಶೇರ್ ಮಾಡಲು ವಿಂಡೋಸ್ ಬಳಸುವ ಎಸ್‌ಎಂಬಿ ಪ್ರೋಟೋಕಾಲ್‌ನ ಹಳೇ ಆವೃತ್ತಿ) ಆನ್ ಮಾಡು ಅಂದ. ದಯವಿಟ್ಟು ಯಾರೂ ಮಾಡಬೇಡಿ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಹರಡಿದ್ದು ಅದೇ ಹಳೇ ಎಸ್‌ಎಂಬಿ1ರ ತೂತಿನಿಂದ. ಆ ವರ್ಷದ ಕೊನೆಯಿಂದ ವಿಂಡೋಸ್ 10ರ ಹೊಸ ಇನ್‌ಸ್ಟಾಲ್‌ಗಳಲ್ಲಿ ಅದನ್ನು ಹಾಕುವುದನ್ನೇ ನಿಲ್ಲಿಸಿದರು. ಶೇರ್ ಕಾಣಿಸುತ್ತಿದೆ, ಕಾಪಿ ಶುರುವಾಗುತ್ತಿದೆ ಅಂದಮೇಲೆ ಅದರ ತಂಟೆ ಯಾಕೆ?

ದಾರಿ ತೋರಿಸಿದ್ದು ಎರಡು ಸಣ್ಣ ಸಂಗತಿ. ಒಂದು, ಡೆಸ್ಕ್‌ಟಾಪ್‌ನಿಂದ ಲ್ಯಾಪ್‌ಟಾಪ್‌ಗೆ ಎಷ್ಟು ತಂದುಕೊಂಡರೂ ಬೀಳುತ್ತಿರಲಿಲ್ಲ, ಲ್ಯಾಪ್‌ಟಾಪ್‌ನಿಂದ ಕಳಿಸುವಾಗ ಮಾತ್ರ ಬೀಳುತ್ತಿತ್ತು. ಎರಡು, ಐಪರ್ಫ್3. ಇದು ಒಂದು ಪುಟ್ಟ ಪ್ರೋಗ್ರಾಂ. ಡಿಸ್ಕ್ ಮುಟ್ಟುವುದಿಲ್ಲ, ಶೇರ್ ಬೇಡ, ಫೈಲೂ ಬೇಡ, ಸುಮ್ಮನೆ ಡೇಟಾ ಹುಟ್ಟಿಸಿ ಈ ಯಂತ್ರದಿಂದ ಆ ಯಂತ್ರಕ್ಕೆ ತಳ್ಳುತ್ತದೆ. ತಾನಾಗಿ ಬಿಟ್ಟರೆ 10 ಸೆಕೆಂಡಿಗೆ ನಿಲ್ಲುತ್ತದೆ, ನಾನು 300 ಸೆಕೆಂಡ್ ಕೊಟ್ಟೆ. ಎರಡನೇ ನಿಮಿಷದಲ್ಲಿ ನೀಲಿ ಸ್ಕ್ರೀನ್. ಬಿದ್ದಿದ್ದಕ್ಕೆ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು! ಡಿಸ್ಕ್, ಫೋಲ್ಡರ್ ಪರ್ಮಿಷನ್, ಎಸ್‌ಎಂಬಿ ಎಲ್ಲ ಒಂದೇ ಏಟಿಗೆ ಲಿಸ್ಟ್‌ನಿಂದ ಹೊರಗೆ.

ಅಷ್ಟರಲ್ಲಿ ಸಿಸ್ಟಂ ಪ್ರಾಪರ್ಟೀಸ್‌ನ ಸ್ಟಾರ್ಟಪ್ ಆ್ಯಂಡ್ ರಿಕವರಿಯಲ್ಲಿ ಆಟೋಮ್ಯಾಟಿಕ್ ರೀಸ್ಟಾರ್ಟ್ ಟಿಕ್ ತೆಗೆದಿದ್ದೆ, ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಈ ಸಲ ಸ್ಕ್ರೀನ್ ನಿಂತೇ ಇತ್ತು, ಓದಿಕೊಂಡೆ: ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್. ಯಾವುದೋ ಡ್ರೈವರ್ ತಾನು ಮುಟ್ಟಬಾರದ ಹೊತ್ತಿನಲ್ಲಿ ಮುಟ್ಟಬಾರದ ಮೆಮೊರಿಗೆ ಕೈ ಹಾಕಿದೆ ಅಂತ ಅದರ ತಾತ್ಪರ್ಯ. ಯಾವುದು ಅಂತ ನೋಡಲು ವಿಂಡೋಸ್ ಫೋಲ್ಡರ್‌ನೊಳಗಿನ ಮಿನಿಡಂಪ್ ಫೋಲ್ಡರ್‌ಗೆ ಹೋಗಿ, ಬಿದ್ದಾಗಲೆಲ್ಲ ವಿಂಡೋಸ್ ಅಲ್ಲಿ ಬರೆದಿಟ್ಟ ಡಂಪ್ ಫೈಲ್‌ಗಳನ್ನು ಬ್ಲೂಸ್ಕ್ರೀನ್‌ವ್ಯೂ ಅನ್ನುವ ಪ್ರೋಗ್ರಾಂನಲ್ಲಿ ತೆರೆದೆ. ಒಂಬತ್ತು ಡಂಪ್, ಒಂಬತ್ತರಲ್ಲೂ ಈ ಅಡಾಪ್ಟರ್‌ನ ಡ್ರೈವರ್ ಫೈಲೇ. ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ತಾರೀಖು ನೋಡಿದರೆ 2015! ಹೊಸ ಡಬ್ಬಿ, ಹೊಳೆಯುವ ಅಲ್ಯೂಮಿನಿಯಂ, ಒಳಗೆ ಅಜ್ಜನ ಕಾಲದ ಡ್ರೈವರ್.

ಪ್ರಯೋಗಕ್ಕೆ ಅಂತ ಅಡಾಪ್ಟರ್‌ನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಲಾರ್ಜ್ ಸೆಂಡ್ ಆಫ್‌ಲೋಡ್ ಆಫ್ ಮಾಡಿದೆ. ದೊಡ್ಡ ಡೇಟಾವನ್ನು ಚಿಕ್ಕ ಪ್ಯಾಕೆಟ್ ಮಾಡುವ ಕೆಲಸವನ್ನು ವಿಂಡೋಸ್ ಮಾಡದೆ ಅಡಾಪ್ಟರ್ ಕಡೆಗೆ ದಾಟಿಸುವ ಸೌಲಭ್ಯ ಅದು. ಕಳಿಸುವಾಗ ಮಾತ್ರ ಬೇಕಾಗುವಂಥದ್ದು, ಅದಕ್ಕೇ ನನಗೆ ಅನುಮಾನ ಬಂದಿದ್ದು. ಆಫ್ ಮಾಡಿದ ಮೇಲೆ ಐದು ನಿಮಿಷ, ಹತ್ತು ನಿಮಿಷ, ಬೀಳಲೇ ಇಲ್ಲ. ಸಿಪಿಯು ಕೆಲಸ ಸ್ವಲ್ಪ ಜಾಸ್ತಿಯಾಯಿತು ಅಷ್ಟೆ.

ಆದರೂ ಅದು ಮುಲಾಮು ಹಚ್ಚಿದ ಹಾಗೆ. ಡಿವೈಸ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ, ವಿಐಡಿ ಪಿಐಡಿ (ತಯಾರಕರ ಮತ್ತು ಉತ್ಪನ್ನದ ಗುರುತು) ನಂಬರ್ ಹಿಡಿದು ಚಿಪ್ ಯಾರದು ಅಂತ ಪತ್ತೆ ಮಾಡಿ, ಅವರದೇ ಸೈಟ್‌ನಿಂದ ಹೊಸ ಡ್ರೈವರ್ ತಂದೆ. ಹಳೆಯದನ್ನು ತೆಗೆಯುವಾಗ ಡ್ರೈವರ್ ಸಾಫ್ಟ್‌ವೇರನ್ನೂ ಅಳಿಸು ಅನ್ನುವ ಟಿಕ್ ಹಾಕಲೇಬೇಕು, ಇಲ್ಲದಿದ್ದರೆ ವಿಂಡೋಸ್ ಅದನ್ನೇ ಮತ್ತೆ ಕರೆದು ಕೂರಿಸುತ್ತದೆ. ಮೊದಲ ಸಲ ನಾನು ಟಿಕ್ ಮರೆತು ಅರ್ಧ ಗಂಟೆ ಕಳೆದೆ. ಆ ಪುಟ್ಟ ಸಿಡಿ ಡ್ರೈವ್ ಮತ್ತೆ ಕಾಣಿಸಿದರೂ ಮುಟ್ಟಬೇಡಿ.

ಹೊಸ ಡ್ರೈವರ್ ಹಾಕಿ, ಆಫ್‌ಲೋಡ್ ವಾಪಸ್ ಆನ್ ಮಾಡಿ, ಅದೇ 38 ಜಿಬಿ ಕಳಿಸಿದೆ. ಆರು ನಿಮಿಷ ಚಿಲ್ಲರೆ. ಅವತ್ತಿನಿಂದ ಒಂದು ಸಲವೂ ಬಿದ್ದಿಲ್ಲ.

ಇದಕ್ಕೆ ಐದು ಸ್ಟಾರ್ ಕೊಟ್ಟವರೆಲ್ಲ ಸುಳ್ಳು ಹೇಳುತ್ತಿಲ್ಲ. 100 ಎಂಬಿಪಿಎಸ್ ಇಂಟರ್ನೆಟ್‌ಗೆ ಹಾಕಿದರೆ ಸೆಕೆಂಡಿಗೆ 12 ಎಂಬಿ ಹತ್ತಿರ ಓಡುತ್ತದೆ, ಅದೂ ಬಹುಪಾಲು ಒಳಗೆ ಬರುವ ಡೇಟಾ. ಮನೆಯೊಳಗಿನ ಕಾಪಿ ಅದರ ಒಂಬತ್ತರಷ್ಟು, ಅದೂ ಹೊರಗೆ, ನಿಲ್ಲದೆ. ಹಾಗಾಗಿ ಅವರಿಗೆ ಕಾಣಿಸದೇ ಇದ್ದದ್ದು ನನಗೆ ಮೊದಲ ಸಂಜೆಯೇ ಕಾಣಿಸಿತು.

ಹಾರ್ಡ್‌ವೇರ್‌ಗೆ ನನ್ನ ತಕರಾರಿಲ್ಲ. ಜಾಸ್ತಿ ಹೊತ್ತು ಕಾಪಿ ಮಾಡಿದರೆ ಮೈ ಬಿಸಿಯಾಗುತ್ತದೆ, ಮುಟ್ಟಬಹುದು, ಹಿಡಿದುಕೊಂಡು ಕೂರಲಾಗುವುದಿಲ್ಲ. ಯುಎಸ್‌ಬಿ 2.0 ಪೋರ್ಟ್‌ಗೆ ಹಾಕಬೇಡಿ, ಅಲ್ಲಿ ಮಿತಿ 480 ಎಂಬಿಪಿಎಸ್, ಗಿಗಾಬಿಟ್ ದುಡ್ಡು ದಂಡ. ಒಂದು ಸ್ಟಾರ್ ಕಡಿತ ಆ ಡ್ರೈವರ್‌ಗೆ, ಇನ್ನೊಂದು ಫಾರ್ಮ್ಯಾಟ್ ಮಾಡಿ ಅಂದವರಿಗೆ.