ಆಪ್, ಕ್ಲಾಸು, ಕಾಲಾಳು ಆಟ, ಅಜ್ಜಿಯ ಆಡು-ಹುಲಿ: ನಾಲ್ಕನ್ನೂ ಆಡಿಸಿ ನೋಡಿದ್ದು

2024ರ ಡಿಸೆಂಬರಿನಲ್ಲಿ ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಅರ್ಧ ಮಕ್ಕಳ ಕೈಗೆ ಚೆಸ್ ಬೋರ್ಡ್ ಬಂತು. ನಮ್ಮ ಮನೆಗೂ ಬಂತು. ಮಗಳಿಗೆ ಆಗಷ್ಟೇ ಆರು ತುಂಬಿತ್ತು. ಚೆಸ್ ಆಡಿದರೆ ಬುದ್ಧಿ ಚುರುಕಾಗುತ್ತೆ, ಲೆಕ್ಕ ಸಲೀಸಾಗಿ ಬರುತ್ತೆ ಅಂತ ಎಲ್ಲರೂ ಹೇಳ್ತಾರಲ್ಲ, ನಾನೂ ನಂಬಿದ್ದೆ. ಅಲ್ಲಿಂದ ಒಂದು ವರ್ಷ ನಾಲ್ಕು ದಾರಿ ಹಿಡಿದೆವು.

ಮೊದಲು ಆಪ್. ನಡೆ ಕಲಿಸೋಕೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಕುದುರೆಯನ್ನು ತಪ್ಪು ಮನೆಗೆ ಎಳೆದರೆ ಅದೇ ವಾಪಸ್ ಬಂದು ಕೂರುತ್ತೆ, ಯಾರೂ ಬೈಯೋದಿಲ್ಲ. ನಾಲ್ಕೇ ದಿನದಲ್ಲಿ ಆನೆ, ಒಂಟೆ, ಕುದುರೆ ಎಲ್ಲದರ ನಡೆಯೂ ಬಂತು. ಒಂದು ಸಂಜೆ ಪಕ್ಕದಲ್ಲಿ ಕೂತು ನೋಡಿದೆ. ಒಂದೇ ನಡೆಯಲ್ಲಿ ಮೇಟ್ ಮಾಡುವ, ಅಂದರೆ ಎದುರಿನ ರಾಜ ತಪ್ಪಿಸಿಕೊಳ್ಳದ ಹಾಗೆ ಶಹ ಕೊಟ್ಟು ಆಟ ಮುಗಿಸುವ ಪಜಲ್. ಮಂತ್ರಿಯನ್ನು ಇಲ್ಲಿ ಇಟ್ಟಳು, ಕೆಂಪು. ಅಲ್ಲಿ ಇಟ್ಟಳು, ಕೆಂಪು. ನಾಲ್ಕನೇ ಸಲಕ್ಕೆ ಹಸಿರು, ಮೇಲಿಂದ ನಕ್ಷತ್ರಗಳ ಮಳೆ. "ಅದೇ ಮನೆ ಯಾಕೆ ಪುಟ್ಟಿ?" ಅಂದೆ. "ಬೇರೆ ಯಾವ್ದೂ ಆಗ್ಲಿಲ್ವಲ್ಲಪ್ಪ, ಅದಕ್ಕೆ." ಸುಳ್ಳೇನಲ್ಲ. ಆದರೆ ಯೋಚಿಸಿದ್ದು ಬೆರಳು, ತಲೆಯಲ್ಲ.

ಆಮೇಲೆ ಕ್ಲಾಸು. ವಾರಕ್ಕೆ ಎರಡು ದಿನ, ತಿಂಗಳಿಗೆ 1,800 ರೂಪಾಯಿ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಅನ್ನುವ ನಿಯಮ ಅವಳಿಗೆ ನಾಟಿದ್ದು ಅಲ್ಲೇ. ಸೋತ ಮೇಲೂ ಕೈ ಕುಲುಕೋದು ಕಲಿತಳು. ಮನೆಯಲ್ಲಿ ನಾವು ಇದನ್ನು ಕಲಿಸೋಕೆ ಆಗ್ತಿರಲಿಲ್ಲ, ಅಪ್ಪನ ಹತ್ತಿರ ಅತ್ತರೆ ನಡೆ ವಾಪಸ್ ಸಿಗುತ್ತೆ ಅಂತ ಅವಳಿಗೆ ಗೊತ್ತು. ತೊಂದರೆ ಅಂದರೆ, ಎರಡನೇ ತಿಂಗಳಿಗೇ ನಾಲ್ಕು ನಡೆಯಲ್ಲಿ ಮೇಟ್ ಮಾಡುವ ಉಪಾಯ ಹೇಳಿಕೊಟ್ಟರು. ಅಲ್ಲಿಗೆ ಮುಗೀತು. ಎಲ್ಲ ಮಕ್ಕಳೂ ಮಂತ್ರಿಯನ್ನು ಓಡಿಸಿಕೊಂಡು ಬರೋದು, ಎದುರಿನವರು ತಡೆದರೆ ಮುಂದೇನು ಅಂತ ಗೊತ್ತಿಲ್ಲದೆ ಮೇಲೆ ನೋಡೋದು. ಎಂಟು ವರ್ಷದ ಮಗುವಿಗಾದರೆ ಸರಿಹೋಗಬಹುದು. ಆರಕ್ಕೆ ಬೇಗ ಆಯ್ತು ಅನ್ನಿಸಿತು, ಬಿಡಿಸಿದೆವು.

ಮೂರನೆಯದು ಮನೆಯ ನೆಲದ ಮೇಲೆ. ಬೋರ್ಡಿನಲ್ಲಿ ಬರೀ ಕಾಲಾಳು, ಎಂಟೆಂಟು. ರಾಜನೂ ಇಲ್ಲ. ಯಾರದ್ದು ಮೊದಲು ಆ ತುದಿ ಮುಟ್ಟುತ್ತೋ ಅವರು ಗೆದ್ದಂತೆ. ಐದು ನಿಮಿಷಕ್ಕೆ ಒಂದು ಆಟ, ಊಟಕ್ಕೆ ಮುಂಚೆ ಮೂರು ಆಗುತ್ತೆ. ಒಂದು ರಾತ್ರಿ ಎಲ್ಲ ಕಾಲಾಳುಗಳೂ ಎದುರುಬದುರು ಸಿಕ್ಕಿಕೊಂಡಿದ್ದವು. ಮೂಲೆಯಲ್ಲಿ ಮಾತ್ರ ಒಂದಕ್ಕೆ ಹೆಜ್ಜೆ ಬಾಕಿ, ಇಟ್ಟರೆ ನಾನು ಕಡಿಯುತ್ತೇನೆ. ಗಲ್ಲಕ್ಕೆ ಕೈಯಿಟ್ಟು ಸುಮಾರು ಹೊತ್ತು ನೋಡಿದಳು. "ಅಪ್ಪ, ಈ ಸಲನೂ ನೀನೇ ಆಡು, ನಂಗೆ ಬೇಡ." ಆಡಲೇಬೇಕಾದ್ದೇ ಕಷ್ಟ ಆಗುವ ಇಂಥ ಸ್ಥಿತಿಗೆ ದೊಡ್ಡ ಆಟಗಾರರು ಇಟ್ಟಿರುವ ಜರ್ಮನ್ ಹೆಸರು ತ್ಸುಗ್‌ತ್ಸ್ವಾಂಗ್. ಹೆಸರಿಲ್ಲದೆಯೇ ಅದು ಅವಳಿಗೆ ಸಿಕ್ಕಿತ್ತು. ನನಗಂತೂ ಆ ನಕ್ಷತ್ರದ ಮಳೆಗಿಂತ ಇದೇ ಜಾಸ್ತಿ ಖುಷಿ ಕೊಟ್ಟಿತು.

ನಾಲ್ಕನೆಯದು ನಾವು ಪ್ಲಾನ್ ಮಾಡಿದ್ದಲ್ಲ. ಬೇಸಿಗೆ ರಜೆಗೆ ಶಿರಾ ಹತ್ತಿರದ ಅವಳ ಅಜ್ಜಿ ಮನೆಗೆ ಹೋದಾಗ ಕರೆಂಟು ಹೋಯಿತು. ಅಜ್ಜಿ ಜಗುಲಿ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. 23 ಮನೆ. ಹುಲಿಗೆ ಮೂರು ಕಲ್ಲು, ಆಡಿಗೆ ಹದಿನೈದು ಹುಣಸೆ ಬೀಜ. ಹುಲಿ ಆಡಿನ ಮೇಲೆ ಹಾರಿದರೆ ಆಡು ಹೋಯಿತು, ಹಾರಲು ಆಚೆ ಖಾಲಿ ಮನೆ ಬೇಕು. "ಅವಸರ ಮಾಡ್ಬೇಡ ಮಗಾ, ಹಿಂದುಗಡೆ ಮನೆ ಮೊದ್ಲು ತುಂಬ್ಕೋ" ಅಂತ ಒಂದೇ ಮಾತು ಹೇಳಿಕೊಟ್ಟರು. ಚೆಸ್‌ನಲ್ಲಿ ಇಬ್ಬರ ಸೈನ್ಯವೂ ಒಂದೇ ಥರ. ಇಲ್ಲಿ ಹಾಗಲ್ಲ. ಒಂದು ಆಟಕ್ಕೆ ನೀನು ಹುಲಿ, ಮುಂದಿನದಕ್ಕೆ ಆಡು. ಅವರಿಗೇನು ಬೇಕು ಅಂತ ಯೋಚಿಸದಿದ್ದರೆ ಆಟವೇ ನಡೆಯೋದಿಲ್ಲ. ಎದುರಿನವರ ಕಣ್ಣಿಂದ ನೋಡೋದನ್ನು ಕಲಿಸುವುದರಲ್ಲಿ ಉಳಿದ ಮೂರೂ ಇದರ ಹತ್ತಿರ ಬರಲಿಲ್ಲ.

ಒಂದು ಎಡವಟ್ಟೂ ಆಯ್ತು. ಊರಿಂದ ಬಂದು ಚೆಸ್‌ಗೆ ಕೂತಾಗ ಅವಳ ಕಾಲಾಳನ್ನು ನನ್ನ ಒಂಟೆ ಹೊಡೆಯಿತು. ಜಗಳಕ್ಕೇ ನಿಂತಳು. "ಹಿಂದೆ ಇನ್ನೊಂದು ನಿಂತಿದೆ ಅಲ್ವಾ, ಹೊಡೆಯೋ ಹಾಗಿಲ್ಲ!" ಇಲ್ಲಿ ಹೊಡೆಯಬಹುದು, ಆದರೆ ಹೊಡೆದವನಿಗೂ ಏಟು ಬೀಳುತ್ತೆ ಅಂತ ಅರ್ಥ ಮಾಡಿಸೋಕೆ ಎರಡು ದಿನ ಬೇಕಾಯಿತು.

ಇನ್ನು ಲೆಕ್ಕದ ವಿಷಯ. ಅವಳ ಲೆಕ್ಕ ಮುಂಚೆ ಹೇಗಿತ್ತೋ ಹಾಗೇ ಇದೆ. ಇಂಗ್ಲೆಂಡಿನಲ್ಲಿ 100 ಪ್ರಾಥಮಿಕ ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿದ್ದರು. 2016ರಲ್ಲಿ ವರದಿ ಬಂತು. ಚೆಸ್ ಪಾಠ ಆಗಿ ಒಂದು ವರ್ಷದ ನಂತರ ನೋಡಿದರೆ ಗಣಿತದಲ್ಲೂ ಓದಿನಲ್ಲೂ ಲಾಭ ಕಾಣಲಿಲ್ಲ. ಕ್ಲಾಸಿಗೆ ಸೇರಿಸೋ ಮುಂಚೆ ಓದಿದ್ದರೆ ಒಳ್ಳೇದಿತ್ತು. ಅದು ಒಂಬತ್ತು-ಹತ್ತು ವರ್ಷದ ಮಕ್ಕಳ ಮೇಲೆ ಮಾಡಿದ್ದು, ನಿಜ. ಆದರೂ ಅಂಕಕ್ಕೋಸ್ಕರ ಚೆಸ್ ಕಲಿಸೋದನ್ನು ನಾನು ಬಿಟ್ಟೆ.

ಈಗ ಆಪ್ ವಾರಕ್ಕೆ ಎರಡು ಸಲ, ಒತ್ತುವ ಮುಂಚೆ ಉತ್ತರ ಬಾಯಲ್ಲಿ ಹೇಳಬೇಕು. ಅದೂ ಲಿಚೆಸ್‌ನಲ್ಲಿ, ಪೂರ್ತಿ ಉಚಿತ, ಜಾಹೀರಾತಿಲ್ಲ. ನೆಲದ ಆಟಕ್ಕೆ ಆನೆ, ಕುದುರೆ ಸೇರಿವೆ. ಮುಂದಿನ ವಾರ ಮತ್ತೆ ಊರಿಗೆ ಹೊರಟಿದ್ದೇವೆ, ಚೆಸ್ ಬೋರ್ಡನ್ನು ಈಗಲೇ ಚೀಲಕ್ಕೆ ತುರುಕಿದ್ದಾಳೆ. ಅಜ್ಜಿಗೆ ಕಲಿಸಬೇಕಂತೆ. ಅಜ್ಜಿ ಫೋನಲ್ಲೇ ವಿಚಾರಿಸಿಕೊಂಡರು: "ಅದ್ರಲ್ಲಿ ಹುಲಿ ಎಷ್ಟು?"