ನಮ್ಮ ಟೀವಿ ನುಂಗಿದ್ದ ಎಂಟು ಗೆರೆ: ಎಫ್‌ಸಿಇಯುಎಕ್ಸ್ ಜೊತೆ ಐದು ವರ್ಷ

ಬ್ಯಾಟಲ್ ಸಿಟಿ ಎಂಬ ಹಳೆ ಟ್ಯಾಂಕ್ ವಿಡಿಯೋ ಗೇಮಿನ ಒಂದು ಸ್ಟೇಜ್ ಎಂದರೆ ಅಡ್ಡ 13 ಮನೆ, ಉದ್ದ 13 ಮನೆ. ಚೌಕಾಬಾರದ ಮನೆ ಇದ್ದ ಹಾಗೆ ಅಂದುಕೊಳ್ಳಿ. ಏಳನೇ ಕ್ಲಾಸಿನಲ್ಲೇ ಇದು ನನಗೆ ಗೊತ್ತಿತ್ತು. ಅಕ್ಕನ ರಂಗೋಲಿ ಪುಸ್ತಕದ ಹಿಂಬದಿ ಹಾಳೆಗಳಲ್ಲಿ ಎಣಿಸಿ ಬರೆದಿದ್ದೆ. ಮುಂದಿನಿಂದ ಅವಳ 15 ಚುಕ್ಕಿ, 8ರವರೆಗೆ. ಹಿಂದಿನಿಂದ ನನ್ನ ಇಟ್ಟಿಗೆ ಗೋಡೆ, ಕಬ್ಬಿಣದ ಗೋಡೆ, ನೀರು, ಮರ. ಇಬ್ಬರೂ ನಡುವೆ ಎಲ್ಲೋ ಸಂಧಿಸಿದಾಗ ಜಗಳ ಆಯಿತು. ಪುಸ್ತಕ ಅವಳದ್ದಾಯಿತು.

ಆ ನಕ್ಷೆಗಳನ್ನು ಮತ್ತೆ ಬಿಡಿಸಬೇಕು ಅನ್ನಿಸಿ ಐದು ವರ್ಷದ ಹಿಂದೆ ಎಫ್‌ಸಿಇಯುಎಕ್ಸ್ ಹಾಕಿಕೊಂಡೆ. ಮನೆಯಲ್ಲಿ ನಾವು ಅದನ್ನು ಬರೀ ಎಫ್‌ಸಿ ಅನ್ನುತ್ತೇವೆ. ಇದು ಎಮ್ಯುಲೇಟರ್. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಎಂಬ ಯಂತ್ರದಂತೆ ನಿಮ್ಮ ಕಂಪ್ಯೂಟರ್ ನಟಿಸುವಂತೆ ಮಾಡುತ್ತದೆ. ತೊಂಬತ್ತರ ದಶಕದಲ್ಲಿ ನಾವು ಟೀವಿ ಗೇಮ್ ಅಂತ ಕೊಂಡು ತಂದದ್ದೆಲ್ಲ ಹೆಚ್ಚುಕಡಿಮೆ ಅದರದ್ದೇ ನಕಲು. ಎಫ್‌ಸಿಗೆ ದುಡ್ಡು ಕೊಡಬೇಕಿಲ್ಲ, ಅದರ ಸೋರ್ಸ್ ಕೋಡ್ ಕೂಡ ಯಾರು ಬೇಕಾದರೂ ನೋಡಬಹುದು. ಆದರೆ ಆಟಗಳು ಇದರ ಜೊತೆ ಬರುವುದಿಲ್ಲ. ಆಟಗಳಿಗೆ ಅವರವರ ಹಕ್ಕುದಾರರು ಇದ್ದಾರೆ. ನಾನು ಅಟ್ಟದ ಮೇಲಿದ್ದ ಹಳೆ ಕ್ಯಾಸೆಟ್ ಇಳಿಸಿ, ಇಯರ್‌ಬಡ್‌ಗೆ ಸ್ಪಿರಿಟ್ ಹಚ್ಚಿ ಅದರ ಪಿನ್ ಒರೆಸಿ, ಫೈಲ್ ತೆಗೆಯುವ ಒಂದು ಸಣ್ಣ ಸಾಧನಕ್ಕೆ ಚುಚ್ಚಿದೆ. ಮೂರು ವಾರಾಂತ್ಯ ಹಿಡಿಯಿತು. ಕ್ಯಾಸೆಟ್ ಬಿಚ್ಚಿದರೆ ಒಳಗೆ ಕಪ್ಪು ಅಂಟಿನ ಒಂದು ಉಂಡೆ, ಅಷ್ಟೇ. ಮೆನುವಿನಲ್ಲಿ ಸಾವಿರಗಟ್ಟಲೆ ಆಟ. ನಿಜಕ್ಕೂ ಇದ್ದದ್ದು ಬೆರಳೆಣಿಕೆಯಷ್ಟು. ಮಿಕ್ಕಿದ್ದೆಲ್ಲ ಅದೇ ಆಟ, ಬೇರೆ ಹೆಸರು, ಬೇರೆ ಸ್ಟೇಜಿನಿಂದ ಶುರು. ಆಗ ಅದನ್ನು ಮೋಸ ಅಂತ ನಾವು ಅಂದುಕೊಂಡೇ ಇರಲಿಲ್ಲ, ಅಲ್ವಾ?

ಮೊದಲ ದಿನ ಬ್ಯಾಟಲ್ ಸಿಟಿ ತೆರೆದಾಗ ಏನೋ ಸರಿಯಿಲ್ಲ ಅನ್ನಿಸಿತು. ಎಲ್ಲರಿಗೂ ಅವಸರ. ಟ್ಯಾಂಕುಗಳಿಗೆ ಅವಸರ, ಗುಂಡಿಗೆ ಅವಸರ, ಶುರುವಿನಲ್ಲಿ ಬರುವ ಆ ಪುಟ್ಟ ಟ್ಯೂನಿಗೂ ಅವಸರ. ನನಗೇ ವಯಸ್ಸಾಯಿತೇನೋ ಎಂದುಕೊಂಡು ಎರಡು ವಾರ ಹಾಗೇ ಆಡಿದೆ. ಆಮೇಲೆ ರೀಜನ್ ಎಂಬ ಮೆನು ಕಣ್ಣಿಗೆ ಬಿತ್ತು. ಜಪಾನಿನ ಟೀವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ನಮ್ಮಲ್ಲಿ ಪಾಲ್ ಎಂಬ ಪದ್ಧತಿ, ಸೆಕೆಂಡಿಗೆ 50. ಪ್ರತಿ ಚಿತ್ರಕ್ಕೆ ಒಂದು ಹೆಜ್ಜೆ ಎಂದು ಬರೆದ ಆಟ ನಮ್ಮ ಮನೆಗೆ ಬಂದಾಗ ಆರರಲ್ಲಿ ಒಂದು ಹೆಜ್ಜೆ ಕಡಿಮೆ ಹಾಕುತ್ತದೆ. ಈ ತರಹದ ನಕಲು ಯಂತ್ರಗಳಿಗೆಂದೇ ಎಫ್‌ಸಿಯಲ್ಲಿ ಡೆಂಡಿ ಎಂಬ ಆಯ್ಕೆ ಇದೆ. ಡೆಂಡಿ ಅನ್ನುವುದು ರಷ್ಯಾದಲ್ಲಿ ಮಾರುತ್ತಿದ್ದ ಇಂಥದೇ ಒಂದು ಯಂತ್ರದ ಹೆಸರು. ಅದನ್ನು ಒತ್ತಿದೆ. ಟ್ಯೂನಿನ ಶ್ರುತಿ ಹೆಚ್ಚುಕಡಿಮೆ ಅದೇ ಇತ್ತು, ಕಾಲ ಮಾತ್ರ ಇಳಿಯಿತು. ಪಕ್ಕದ ಕೋಣೆಯಲ್ಲಿದ್ದ ಅಕ್ಕ, ಅವತ್ತು ಊರಿಗೆ ಬಂದಿದ್ದಳು, "ಹಾಂ, ಇದು ನಮ್ದು" ಅಂದಳು.

ಈ ಒಂದು ಆಯ್ಕೆಗೇ ನಾನು ಎಫ್‌ಸಿಗೆ ಪೂರ್ತಿ ಅಂಕ ಕೊಡಬಲ್ಲೆ.

ಬ್ಯಾಟಲ್ ಸಿಟಿ ನಕ್ಷೆ ಒಂದೇ ಸಂಜೆಯ ಕೆಲಸ ಆಯಿತು. ನಾಮ್ಕೊ 1985ರಲ್ಲಿ ಮಾಡಿದ ಆಟ. ಅಮೆರಿಕದಲ್ಲಿ ಮನೆ ಯಂತ್ರಕ್ಕೆ ಇದು ಬಿಡುಗಡೆಯೇ ಆಗಲಿಲ್ಲ. ಹಾಗಾಗಿ ಅಲ್ಲಿಯವರು ಬರೆಯುವ ಹಳೆ ಆಟಗಳ ಪಟ್ಟಿಗಳಲ್ಲಿ ಇದು ಕಾಣಿಸುವುದೇ ಕಡಿಮೆ. ನಮ್ಮ ಬೀದಿಯಲ್ಲಿ ಮಾತ್ರ ಟ್ಯಾಂಕ್ ಅಂದರೆ ಸಾಕು. ಕೊನೆಗೆ ಕಾಪಾಡಬೇಕಾದ ಹದ್ದನ್ನು ನಾವು ಗಂಡಭೇರುಂಡ ಅನ್ನುತ್ತಿದ್ದೆವು, ಸರ್ಕಾರಿ ಬಸ್ಸಿನ ಮೇಲೆ ನೋಡಿ ಅಭ್ಯಾಸ. ಒಟ್ಟು 35 ಸ್ಟೇಜ್, ಪ್ರತಿಯೊಂದರಲ್ಲೂ 20 ಶತ್ರು ಟ್ಯಾಂಕು. 35 ಆದ ಮೇಲೆ ಮತ್ತೆ ಹಳೆ ನಕ್ಷೆಗಳೇ ತಿರುಗಿ ಬರುತ್ತವೆ. ಇದಕ್ಕೆ ಕೊನೆಯೇ ಇಲ್ಲ ಅಂತ ಪಕ್ಕದ ಮನೆ ಹುಡುಗ ವಾದಿಸುತ್ತಿದ್ದ. ಅವನು ಹೇಳಿದ್ದು ಒಂದು ಲೆಕ್ಕಕ್ಕೆ ಸರಿಯೇ.

ಶುರುವಿನಲ್ಲೇ ಬೇಕಾದ ಸ್ಟೇಜ್ ಆರಿಸಿಕೊಳ್ಳಲು ಆಟವೇ ಬಿಡುತ್ತದೆ. ಆದ್ದರಿಂದ ನನ್ನ ಕೆಲಸ ಇಷ್ಟೇ: ಸ್ಟೇಜ್ ಆರಿಸು, ತೆರೆ ಸರಿದ ಕೂಡಲೇ ಎಫ್‌ಸಿಯನ್ನು ನಿಲ್ಲಿಸು, ಸ್ಪ್ರೈಟ್ ಆಫ್ ಮಾಡು, ಫೋಟೋ ತೆಗೆ. ಸ್ಪ್ರೈಟ್ ಅಂದರೆ ಓಡಾಡುವ ವಸ್ತುಗಳು. ಅವನ್ನು ಆಫ್ ಮಾಡಿದರೆ ಟ್ಯಾಂಕುಗಳು ಮಾಯ, ಗೋಡೆ ಮಾತ್ರ ಉಳಿಯುತ್ತದೆ. ಸುಮ್ನೆ ಒಂದು ಸಲ ಉಲ್ಟಾ ಮಾಡಿ ನೋಡಿದೆ. ಹಿನ್ನೆಲೆ ಆಫ್ ಮಾಡಿ ಸ್ಪ್ರೈಟ್ ಉಳಿಸಿದೆ. ಮರಗಳ ಕೆಳಗೆ ಅಡಗಿ ಬರುತ್ತಿದ್ದ ಟ್ಯಾಂಕುಗಳೆಲ್ಲ ಬಯಲಿನಲ್ಲಿ ಬರುವ ಎಮ್ಮೆಗಳ ಹಾಗೆ ಕಂಡವು. ಎಷ್ಟು ಲೈಫ್ ಕಳೆದಿದ್ದೆವು ಆ ಮರಗಳ ಹತ್ತಿರ!

ಇನ್ನೊಂದು ವಿಷಯ. ನಮ್ಮ ಟೀವಿ ಬ್ಲ್ಯಾಕ್ ಅಂಡ್ ವೈಟ್. ಈ ಆಟಗಳನ್ನೆಲ್ಲ ನಾನು ಬೂದು ಬಣ್ಣದಲ್ಲೇ ನೋಡಿದ್ದು. ಕೆಲವು ಟ್ಯಾಂಕಿಗೆ ನಾಲ್ಕು ಗುಂಡು ಹೊಡೆಯಬೇಕು, ಗುಂಡು ತಾಗಿದ ಹಾಗೆ ಅದರ ಬಣ್ಣ ಬದಲಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ಎಫ್‌ಸಿ ಹಾಕಿದ ಮೇಲೆ. ಕಲರ್ ಟೀವಿ ಇದ್ದ ಹುಡುಗರು ಎಣಿಸದೆ ಹೇಗೆ ಹೊಡೆಯುತ್ತಿದ್ದರು ಅನ್ನುವ ಹೊಟ್ಟೆಕಿಚ್ಚು ಇಷ್ಟು ವರ್ಷ ಆದ ಮೇಲೆ ಇಳಿಯಿತು.

ಟ್ಯಾಂಕಿನ ಧೈರ್ಯದ ಮೇಲೆ ದಿ ಗೂನೀಸ್‌ಗೆ ಕೈ ಹಾಕಿದೆ. ಸರಿಯಾಗಿ ಪೆಟ್ಟು ತಿಂದೆ.

ಕೊನಾಮಿ 1986ರಲ್ಲಿ ಫ್ಯಾಮಿಕಾಮ್‌ಗೆ ಮಾಡಿದ ಆಟ ಇದು. ಇದರ ಕಥೆಯೇ ವಿಚಿತ್ರ. ಅಮೆರಿಕದ ಅಂಗಡಿಗಳಿಗೆ ಇದರ ಮನೆ ಕ್ಯಾಸೆಟ್ ಬರಲಿಲ್ಲ. ಮರುವರ್ಷ ಬಂದ ಗೂನೀಸ್ 2 ಮಾತ್ರ ಅಲ್ಲಿ ಮಾರಾಟವಾಯಿತು. ಹಾಗಾಗಿ ಅಲ್ಲಿನ ಮಕ್ಕಳು ಮನೆಯಲ್ಲಿ ಒಂದನ್ನು ಆಡದೆ ನೇರವಾಗಿ ಎರಡಕ್ಕೆ ಬಂದರು. ನಾವು ಶಿವಮೊಗ್ಗದಲ್ಲಿ ಕೂತು ಒಂದನ್ನು ಆಡಿದೆವು, ಎರಡು ಇದೆ ಎಂಬುದೇ ಗೊತ್ತಿರಲಿಲ್ಲ. ನಮಗೆ ಅದು ಬೀಗದ ಕೈ ಆಟ. ಹುಡುಗ ಇಲಿಗಳನ್ನು ಒದೆಯುತ್ತಾನೆ. ಕೆಲವು ಇಲಿ ಬಾಂಬು ಬಿಟ್ಟು ಸಾಯುತ್ತವೆ. ಆ ಬಾಂಬಿನಿಂದ ಮುಚ್ಚಿದ ಬಾಗಿಲು ಒಡೆದರೆ ಒಳಗೆ ಬೀಗದ ಕೈ ಇರಬಹುದು, ಇಲ್ಲವೇ ಬಂಧಿಯಾದ ಗೆಳೆಯ ಇರಬಹುದು. ಮೂರು ಬೀಗದ ಕೈ ಸಿಕ್ಕರೆ ಮುಂದಿನ ದಾರಿ.

ಸೇವ್ ಮಾಡುವ ಸೌಲಭ್ಯ ಇಲ್ಲ. ಸಂಜೆ ಲೋಡ್ ಶೆಡ್ಡಿಂಗ್ ಆದರೆ ಮತ್ತೆ ಮೊದಲಿನಿಂದ. ಹಾಗಾಗಿ ಮೊದಲ ಸ್ಟೇಜಿನ ಒಂದೊಂದು ಏಣಿಯೂ ನನಗೆ ನೆನಪಿದೆ, ಮೂರರ ನಂತರ ಬರೀ ಮಂಜು. ನಕ್ಷೆ ಬೇಕು ಅನ್ನಿಸಿದ್ದೇ ಆ ಮಂಜಿಗೆ. ಎಫ್‌ಸಿಯಲ್ಲಿ ಹತ್ತು ಕಡೆ ಸೇವ್ ಮಾಡಿಟ್ಟುಕೊಳ್ಳಬಹುದು, ಆ ಲೆಕ್ಕದಲ್ಲಿ ಕರೆಂಟಿನ ಭಯ ಹೋಯಿತು.

ಕಷ್ಟ ಶುರುವಾದದ್ದು ಜೋಡಿಸುವಾಗ. ಬ್ಯಾಟಲ್ ಸಿಟಿಯಲ್ಲಿ ಒಂದು ಸ್ಟೇಜ್ ಒಂದೇ ಪರದೆ. ಗೂನೀಸ್ ಪಕ್ಕಕ್ಕೆ ಸರಿಯುತ್ತದೆ. ಅರ್ಧರ್ಧ ಪರದೆ ನಡೆದು ಒಂದೊಂದು ಫೋಟೋ ತೆಗೆದೆ, ಆಮೇಲೆ ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ ಪಕ್ಕಪಕ್ಕ ಅಂಟಿಸಿದೆ. ಗುಹೆಯ ಕಲ್ಲುಗಳ ವಿನ್ಯಾಸ ಮತ್ತೆ ಮತ್ತೆ ಅದೇ. ಸೀರೆ ಬಾರ್ಡರ್ ಇದ್ದ ಹಾಗೆ, ಎಲ್ಲಿ ಜೋಡಿಸಿದರೂ ಸರಿಯಾಗಿಯೇ ಕಾಣುತ್ತದೆ. ಒಂದು ವಾರ ಆದ ಮೇಲೆ ನೋಡಿದರೆ ಒಂದು ಏಣಿಯ ಕೆಳಗಿನ ಅರ್ಧ ಗೋಡೆಯ ಒಳಗಿತ್ತು. ಎಲ್ಲೋ 16 ಪಿಕ್ಸೆಲ್ ತಪ್ಪಿದ್ದೆ. ಎಲ್ಲಿ ಅಂತ ಹುಡುಕಲು ಇನ್ನೊಂದು ವಾರ.

ಅದು ಸರಿಯಾಯಿತು ಅನ್ನುವಷ್ಟರಲ್ಲಿ ಇನ್ನೊಂದು ಹೊರಬಿತ್ತು. ನನ್ನ ಫೋಟೋಗಳು 224 ಗೆರೆ ಎತ್ತರ ಇದ್ದವು. ಈ ಯಂತ್ರ ಬಿಡಿಸುವುದು 240 ಗೆರೆ. ಮೇಲೆ ಎಂಟು, ಕೆಳಗೆ ಎಂಟು ಗೆರೆ ಎಲ್ಲಿ ಹೋಯಿತು? ಹಳೆ ಟೀವಿಗಳಲ್ಲಿ ಚಿತ್ರದ ಅಂಚು ಚೌಕಟ್ಟಿನ ಹಿಂದೆ ಹೋಗುತ್ತಿತ್ತು. ಅದಕ್ಕೇ ಎನ್‌ಟಿಎಸ್‌ಸಿ ಎಂಬ, ಜಪಾನಿನ ಟೀವಿ ಪದ್ಧತಿಯ ಆಯ್ಕೆಯಲ್ಲಿ ಆ ಅಂಚುಗಳನ್ನು ತೋರಿಸದಂತೆ ಎಫ್‌ಸಿಯನ್ನು ಹೊಂದಿಸಿಟ್ಟಿರುತ್ತಾರೆ. ನಕ್ಷೆಯ ಕೆಲಸಕ್ಕೆ ಜಪಾನಿನ ಲೆಕ್ಕವೇ ಇರಲಿ ಎಂದು ನಾನು ಡೆಂಡಿಯಿಂದ ಅದಕ್ಕೆ ಬದಲಿಸಿಕೊಂಡಿದ್ದೆ. ಬ್ಯಾಟಲ್ ಸಿಟಿಯ ಸುತ್ತ 16 ಗೆರೆಯಷ್ಟು ಬೂದು ಅಂಚು ಇದೆ. ಎಂಟು ಹೋದರೂ ಅಲ್ಲಿ ಏನೂ ಗೊತ್ತಾಗಿರಲಿಲ್ಲ. ವಿಡಿಯೋ ಸೆಟ್ಟಿಂಗಿನಲ್ಲಿ ಮೊದಲ ಗೆರೆ 0, ಕೊನೆಯ ಗೆರೆ 239 ಎಂದು ಬರೆದರೆ ಮುಗಿಯಿತು. ಮೊದಲೇ ನೋಡದಿದ್ದದ್ದು ನನ್ನದೇ ತಪ್ಪು. ಎಲ್ಲವನ್ನೂ ಮತ್ತೆ ತೆಗೆದೆ. ನೀವು ಈ ಕೆಲಸಕ್ಕೆ ಕೂರುವುದಾದರೆ ಇದನ್ನೇ ಮೊದಲು ಮಾಡಿ.

ಆ ಎಂಟು ಗೆರೆಗಳಲ್ಲಿ ದೊಡ್ಡ ಗುಟ್ಟೇನೂ ಇರಲಿಲ್ಲ. ಒಂದಿಷ್ಟು ಕಲ್ಲು. ಆದರೂ ನಾನು ತುಂಬಾ ಹೊತ್ತು ನೋಡಿದೆ. ಅಷ್ಟೊಂದು ಬೇಸಿಗೆ ರಜೆ ಆ ಕಲ್ಲುಗಳ ಕೆಳಗೇ ಓಡಾಡಿದ್ದೆವಲ್ಲ.

ಈಗ ದೂರುಗಳು. ಜೋಡಿಸುವ ಕೆಲಸ ಎಫ್‌ಸಿ ಮಾಡುವುದಿಲ್ಲ. ಅದರಲ್ಲಿ ನೇಮ್ ಟೇಬಲ್ ವ್ಯೂವರ್ ಎಂಬ ಕಿಟಕಿ ಇದೆ. ಯಂತ್ರದ ನೆನಪಿನಲ್ಲಿ ಈಗ ಯಾವ ಹಿನ್ನೆಲೆ ಇದೆ ಎಂದು ತೋರಿಸುತ್ತದೆ. ಅಲ್ಲಿಂದ ಇಡೀ ಸ್ಟೇಜ್ ಒಟ್ಟಿಗೆ ಸಿಗುತ್ತದೆ ಎಂದು ನಾನು ಆಸೆಪಟ್ಟಿದ್ದೆ. ಸಿಗುವುದಿಲ್ಲ. ಸಾಮಾನ್ಯವಾಗಿ ಆ ಯಂತ್ರದ ನೆನಪಿಗೆ ಹಿಡಿಸುವುದು ಎರಡೇ ಪರದೆ. ನೀವು ಮುಂದೆ ಹೋದ ಹಾಗೆ ಹಿಂದಿನದನ್ನು ಅಳಿಸಿ ಅಲ್ಲೇ ಹೊಸದನ್ನು ಬರೆಯುತ್ತದೆ, ಸ್ಲೇಟಿನ ಹಾಗೆ. ಇದು ಎಫ್‌ಸಿಯ ಕೊರತೆ ಅಲ್ಲ, ಯಂತ್ರವೇ ಹಾಗೆ. ಆದರೆ ಫೋಟೋಗಳನ್ನು ಸಾಲಾಗಿ ಅಂಟಿಸುವ ಒಂದು ಬಟನ್ ಇದ್ದಿದ್ದರೆ ನನ್ನ ಎರಡು ಮಳೆಗಾಲ ಉಳಿಯುತ್ತಿತ್ತು.

ಇದಕ್ಕೆ ಒಂದು ದಾರಿ ಇದೆ. ಲುವಾ ಭಾಷೆಯಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದು ಎಫ್‌ಸಿಗೆ ಕೊಡಬಹುದು. ಆಟದ ಮೆಮೊರಿಯಲ್ಲಿ ಪರದೆ ಎಷ್ಟು ಸರಿದಿದೆ ಎಂಬ ಸಂಖ್ಯೆ ಎಲ್ಲಿದೆ ಎಂದು ಹುಡುಕಿಕೊಂಡು, ಪ್ರತಿ 128 ಪಿಕ್ಸೆಲ್‌ಗೆ ತಾನಾಗಿಯೇ ಫೋಟೋ ತೆಗೆಯುವಂತೆ ಮಾಡಿದೆ. ಆಮೇಲೆ ಏಣಿ ಗೋಡೆಯೊಳಗೆ ಹೋಗಿಲ್ಲ. ನಾನು ಪ್ರೋಗ್ರಾಮರ್ ಅಲ್ಲ, ಬ್ಯಾಂಕಿನಲ್ಲಿ ಕೆಲಸ. 30 ಸಾಲಿನ ಸ್ಕ್ರಿಪ್ಟಿಗೆ ಒಂದು ತಿಂಗಳು ತಗೊಂಡೆ. ಪ್ರೋಗ್ರಾಮಿಂಗ್ ಗೊತ್ತಿದ್ದವರಿಗೆ ಒಂದು ಮಧ್ಯಾಹ್ನ ಸಾಕು.

ಮೆನುಗಳು ದಟ್ಟ. ಡಿಬಗರ್, ಹೆಕ್ಸ್ ಎಡಿಟರ್, ಟಿಎಎಸ್ ಎಡಿಟರ್ ಅಂತ ಏನೇನೋ ತುಂಬಿದೆ, ಬರೀ ಆಡುವವರಿಗೆ ಅದರಲ್ಲಿ ಮುಕ್ಕಾಲು ಬೇಡ. ಮೆಸೆನ್ ಎಂಬ ಇನ್ನೊಂದು ಎಮ್ಯುಲೇಟರನ್ನೂ ಇಟ್ಟುಕೊಂಡಿದ್ದೇನೆ. ಅದರ ಕಿಟಕಿಗಳು ಇದಕ್ಕಿಂತ ಅಚ್ಚುಕಟ್ಟು. ಹೊಸದಾಗಿ ಶುರು ಮಾಡುವವರು ಎರಡನ್ನೂ ನೋಡಿ. ನನಗೆ ಎಫ್‌ಸಿ ಕೈಗೆ ಒಗ್ಗಿಹೋಗಿದೆ, ಅಷ್ಟೇ ಕಾರಣ. ಫೋಟೋಗಳನ್ನು ಪಿಎನ್‌ಜಿಯಲ್ಲೇ ಇಡಿ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಪಿಕ್ಸೆಲ್ ಎಲ್ಲ ಕದಡಿದ ಸಾರಿನ ಹಾಗೆ ಆಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ.

ಕಳಿಸುವುದು ಯಾರಿಗೆ ಅಂದರೆ, ನಮ್ಮ ಬೀದಿಯ ಹಳೆ ಐದು ಜನಕ್ಕೆ. ಒಬ್ಬ ಮಸ್ಕತ್‌ನಲ್ಲಿದ್ದಾನೆ. ಗೂನೀಸ್ ಎರಡನೇ ಸ್ಟೇಜಿನ ನಕ್ಷೆ ಕಳಿಸಿದ ರಾತ್ರಿ ಅವನು ಫೋನ್ ಮಾಡಿ, ಬಲತುದಿಯಲ್ಲಿ ಇನ್ನೊಂದು ಬಾಗಿಲಿತ್ತು, ನೀನು ಬಿಟ್ಟಿದ್ದೀಯ ಎಂದು ಅರ್ಧ ಗಂಟೆ ಜಗಳ ಮಾಡಿದ. ಹೋಗಿ ನೋಡಿದೆ. ಇರಲಿಲ್ಲ. ಅವನು ನಂಬಲಿಲ್ಲ. ರೋಡ್ ಫೈಟರ್ ಎಂಬ ಕಾರಿನ ಆಟದ ಸೂಪರ್‌ಮ್ಯಾನ್ ವಿಷಯದಲ್ಲೂ ಹೀಗೇ ಆಗಿತ್ತು. ಡಿಕ್ಕಿ ಹೊಡೆಯದೆ ಓಡಿಸುತ್ತಾ ಹೋದರೆ ರಸ್ತೆ ಪಕ್ಕ ಒಬ್ಬ ಹಾರಿ ಬರುತ್ತಾನೆ ಎಂದು ಒಬ್ಬ ಹೇಳುತ್ತಿದ್ದ, ನಾವೆಲ್ಲ ಬುರುಡೆ ಅನ್ನುತ್ತಿದ್ದೆವು. ಅವನು ನಿಜಕ್ಕೂ ಇದ್ದಾನೆ, ಅವನ ಹೆಸರು ಕೊನಾಮಿ ಮ್ಯಾನ್. 25 ವರ್ಷ ತಡವಾಗಿ ಕ್ಷಮೆ ಕೇಳಬೇಕಾಯಿತು.

ಅಂಕ ಕೊಡಲೇಬೇಕೆಂದರೆ 5ಕ್ಕೆ 4. ಆಡುವುದಕ್ಕಷ್ಟೇ ಆದರೆ ಮೂರೂವರೆ, ಅದಕ್ಕೆ ಇದಕ್ಕಿಂತ ಸುಲಭದವು ಇವೆ. ಎಂಟು ವರ್ಷ ಹಳೆಯ ನನ್ನ ಲ್ಯಾಪ್‌ಟಾಪಿನಲ್ಲಿ ಒಮ್ಮೆಯೂ ತಡವರಿಸಿಲ್ಲ.

ಮುಂದಿನದು ಬೈನರಿ ಲ್ಯಾಂಡ್. ಹಡ್ಸನ್ 1985ರಲ್ಲಿ ಫ್ಯಾಮಿಕಾಮ್‌ಗೆ ತಂದ ಆಟ, ಪರದೆಯ ಮೇಲೆ ಎರಡು ಪೆಂಗ್ವಿನ್. ಒಂದು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ, ಕನ್ನಡಿಯಲ್ಲಿ ನೋಡಿದ ಹಾಗೆ. ಎರಡೂ ಒಟ್ಟಿಗೆ ಹೃದಯದ ಹತ್ತಿರ ಸೇರಬೇಕು. ಒಂದೇ ಜಾಯ್‌ಸ್ಟಿಕ್ಕಿನಲ್ಲಿ ಎರಡೂ ಓಡುತ್ತವೆ, ಆದರೂ ನಾವು ಎಡದ್ದು ಅಕ್ಕನದು, ಬಲದ್ದು ನನ್ನದು ಎಂದು ಹಂಚಿಕೊಂಡಿದ್ದೆವು. ಈ ಸಲ ನಕ್ಷೆಯನ್ನು ಕಾಗದದ ಮೇಲೂ ಬಿಡಿಸೋಣ ಎಂದು ಅಕ್ಕ ಹೊಸ ಚೌಕುಳಿ ಪುಸ್ತಕ ತಂದಿಟ್ಟಿದ್ದಾಳೆ. ಮೊದಲ ಹಾಳೆಯ ಮೇಲೆ ಆಗಲೇ ಅವಳ ಹೆಸರು ಬರೆದಾಗಿದೆ.