ಸ್ವಂತ ಸಿಡಿಎನ್ ಕಟ್ಟಲು ಹೊರಟವರೇ, ಇದನ್ನು ಓದಿ

ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ನಮ್ಮ ಲೈವ್ ಪಾಠ ನಿಂತುಹೋಯಿತು. ಮೇಷ್ಟ್ರು ತ್ರಿಕೋನಮಿತಿ ಲೆಕ್ಕ ಬಿಡಿಸುತ್ತಲೇ ಇದ್ದರು. ಮಕ್ಕಳ ಫೋನಿನಲ್ಲಿ ಬರೀ ಚಕ್ರ ಸುತ್ತುತ್ತಿತ್ತು. "ಸಾರ್, ಏನೂ ಕಾಣ್ತಿಲ್ಲ, ನಾಳೆ ಪರೀಕ್ಷೆ" ಅಂತ ಸಿಂಧನೂರಿನಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಅವಳಿಗೆ ಏನು ಹೇಳಬೇಕೋ ನನಗೆ ತೋಚಲಿಲ್ಲ.

ನಾವು ಜಯನಗರದಲ್ಲಿ ಕೂತು ಕನ್ನಡ ಮಾಧ್ಯಮದ ಮಕ್ಕಳಿಗೆ ವಿಡಿಯೊ ಪಾಠ ಮಾಡುವ ಐದು ಜನ. ಸಿಡಿಎನ್ ಅಂದರೆ ವಿಡಿಯೊದ ಪ್ರತಿಗಳನ್ನು ಬೇರೆ ಬೇರೆ ಊರಿನ ಸರ್ವರ್‌ಗಳಲ್ಲಿ ಇಟ್ಟು, ನೋಡುವವರಿಗೆ ಹತ್ತಿರದಿಂದ ಕಳಿಸುವ ಜಾಲ. ಅದರ ಬಾಡಿಗೆ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು. ಎರಡು ಸರ್ವರ್ ಕೊಂಡು ವೈಟ್‌ಫೀಲ್ಡ್‌ನ ಒಂದು ಡೇಟಾ ಸೆಂಟರ್‌ನಲ್ಲಿ ಇಟ್ಟರೆ ಆಯ್ತಲ್ವಾ ಅಂದುಕೊಂಡೆವು.

ಲೆಕ್ಕ ನೋಡಿ. ಒಂದೊಂದು ಸರ್ವರ್‌ಗೂ 1 ಜಿಬಿಪಿಎಸ್ ಪೋರ್ಟ್, ಅಂದರೆ ಸೆಕೆಂಡಿಗೆ 1,000 ಮೆಗಾಬಿಟ್ ಹೊರಗೆ ಕಳಿಸುವ ದಾರಿ. ಒಬ್ಬರಿಗೆ ಸೆಕೆಂಡಿಗೆ 2.5 ಮೆಗಾಬಿಟ್ ಹಿಡಿದರೆ, ಪೋರ್ಟ್ ಪೂರ್ತಿ ತುಂಬಿದರೂ 400 ಜನ. ಎರಡೂ ಸೇರಿ 800. ಮಾಮೂಲಿ ದಿನ ಒಟ್ಟಿಗೆ ನೂರು ಜನ ನೋಡಿದರೆ ಹೆಚ್ಚು. ಆ ರಾತ್ರಿ ಎರಡು ಸಾವಿರ ದಾಟಿದರು.

ಹೇಗೋ ಒಳಗೆ ಬಂದವರಿಗೂ ಪಾಠ ಕಾಣಲಿಲ್ಲ. ನಮ್ಮ ಲೈವ್ ವಿಡಿಯೊ ಆರಾರು ಸೆಕೆಂಡಿನ ತುಂಡುಗಳಾಗಿ ಹೋಗುತ್ತದೆ. ಮುಂದಿನ ತುಂಡು ಯಾವುದು ಅಂತ ಹೇಳುವ ಪ್ಲೇಲಿಸ್ಟ್ ಫೈಲ್ ಆಗಾಗ ಬದಲಾಗುತ್ತಿರುತ್ತದೆ. ತುಂಡನ್ನು ಎಷ್ಟು ಹೊತ್ತಾದರೂ ಕ್ಯಾಶ್‌ನಲ್ಲಿ (ಮತ್ತೆ ಮತ್ತೆ ಕೊಡಲು ಸರ್ವರ್ ಇಟ್ಟುಕೊಳ್ಳುವ ಪ್ರತಿಗಳಲ್ಲಿ) ಇಡಿ, ತೊಂದರೆಯಿಲ್ಲ. ಪ್ಲೇಲಿಸ್ಟ್ ಮಾತ್ರ ಒಂದೆರಡು ಸೆಕೆಂಡಿಗಿಂತ ಜಾಸ್ತಿ ಇಡಬಾರದು. ನಾವು ಎರಡಕ್ಕೂ 60 ಸೆಕೆಂಡ್ ಹಾಕಿದ್ದೆವು, ಹಾಗಾಗಿ ಮಕ್ಕಳಿಗೆ ಹಳೆಯ ಪ್ಲೇಲಿಸ್ಟೇ ಹೋಗುತ್ತಿತ್ತು. ಅಲ್ಲಿಯವರೆಗೆ ಪ್ಲೇಲಿಸ್ಟ್ ಬದಲಾಗದ, ರೆಕಾರ್ಡ್ ಮಾಡಿದ ಪಾಠಗಳೇ ಇದ್ದದ್ದರಿಂದ ತಪ್ಪು ಗೊತ್ತೇ ಆಗಿರಲಿಲ್ಲ. ಬಾಡಿಗೆ ಕೊಡುತ್ತಿದ್ದದ್ದು ಬರೀ ಬ್ಯಾಂಡ್‌ವಿಡ್ತ್‌ಗಲ್ಲ, ಇಂಥದ್ದನ್ನೆಲ್ಲ ಹಗಲುರಾತ್ರಿ ನೋಡಿಕೊಳ್ಳುವವರಿಗೂ ಅಂತ ಆಗ ಅರ್ಥವಾಯಿತು.

ಆಮೇಲೆ ಕಲಬುರಗಿಯ ಗೆಳೆಯನ ಫೋನಿನಿಂದ ಟ್ರೇಸ್‌ರೂಟ್ (ಡೇಟಾ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ತೋರಿಸುವ ಪರೀಕ್ಷೆ) ಮಾಡಿಸಿದೆ. ಅವನ ಡೇಟಾ ಮುಂಬೈ ಸುತ್ತಿ ವೈಟ್‌ಫೀಲ್ಡ್‌ಗೆ ಬರುತ್ತಿತ್ತು. ಒಂದೇ ಕಟ್ಟಡದಲ್ಲಿ ಎರಡು ಸರ್ವರ್ ಇಟ್ಟು ಅದನ್ನು ಸಿಡಿಎನ್ ಅಂತ ಕರೆದದ್ದೇ ತಪ್ಪು.

"ನೆಟ್‌ಫ್ಲಿಕ್ಸ್‌ನವರು ಕಟ್ಟಿಲ್ವಾ" ಅಂತ ವಾದ ಮಾಡಿದವನು ನಾನೇ. ಅವರು 2012ರಲ್ಲಿ ಓಪನ್ ಕನೆಕ್ಟ್ ಎಂಬ ತಮ್ಮದೇ ಸಿಡಿಎನ್ ಪ್ರಕಟಿಸುವ ಮುಂಚೆ ವರ್ಷಗಟ್ಟಲೆ ಬೇರೆಯವರ ಜಾಲಗಳನ್ನೇ ಬಳಸಿದ್ದರು. ಇಂಟರ್ನೆಟ್ ಕಂಪನಿಗಳು ತಮ್ಮ ಜಾಗದಲ್ಲೇ ಅವರ ಸರ್ವರ್ ಇಟ್ಟುಕೊಳ್ಳುವಷ್ಟು ಟ್ರಾಫಿಕ್ ಅವರದು.

ನಾವು ಮತ್ತೆ ಬಾಡಿಗೆಗೆ ಹೋದೆವು. ಮೂಲ ವಿಡಿಯೊಗಳೂ ಡೊಮೇನ್ ಹೆಸರೂ ನಮ್ಮ ಕೈಯಲ್ಲೇ ಇವೆ, ಬೇಕೆಂದಾಗ ಕಂಪನಿ ಬದಲಿಸಬಹುದು. ನೀವೂ ಬಾಡಿಗೆಗೆ ಹೋಗುವುದಾದರೆ ಕರಾರಿನಲ್ಲಿ ಕನಿಷ್ಠ ಬಳಕೆಯ ಸಾಲನ್ನು ಎರಡು ಸಲ ಓದಿ. ಪರೀಕ್ಷೆ ತಿಂಗಳ ಬಳಕೆ ತೋರಿಸಿ ಹನ್ನೆರಡೂ ತಿಂಗಳು ಅಷ್ಟೇ ಕಟ್ಟಬೇಕು ಅಂತ ನಮ್ಮದರಲ್ಲಿತ್ತು. ಅದನ್ನು ತೆಗೆಸಿಯೇ ಸಹಿ ಹಾಕಿದೆವು.